ಮೂರನೇ ರಿಜಿಸ್ಟರ್
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)

ಜಾವಾದಲ್ಲಿ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಅದಕ್ಕೆ ಬೇಕಾದ ಒಂದು ಪಾಠವನ್ನು ಕಂಪ್ಯೂಟರ್ ನೋಡುವ ಮೊದಲೇ ಕುಂಬಾರಕೊಪ್ಪಲಿನ ಈ ಶಾಲೆಯಲ್ಲಿ ಕಲಿತಿದ್ದೆ. ಒಂಬತ್ತನೇ ತರಗತಿಯಲ್ಲಿ ಮೇಷ್ಟ್ರು ಲೈಬ್ರರಿ ಬೀರುವಿನ ಕೆಲಸವನ್ನು ನನಗೆ ಒಪ್ಪಿಸಿದ್ದರು. ಹುಡುಗರ ಹೆಸರಿಗೆ ಒಂದು ರಿಜಿಸ್ಟರ್, ಪುಸ್ತಕಗಳ ಪಟ್ಟಿಗೆ ಇನ್ನೊಂದು. ಯಾರು ಯಾವುದನ್ನು ಒಯ್ದರು ಎಂಬುದನ್ನು ಪಟ್ಟಿಯ ಅಂಚಿನಲ್ಲೇ ಬರೆಯುತ್ತಿದ್ದೆ. ಒಂದು ಪುಸ್ತಕ ಹತ್ತು ಜನರ ಕೈಗೆ ಹೋಗುವ ಹೊತ್ತಿಗೆ ಅಂಚು ಮುಗಿಯಿತು. ಮೇಷ್ಟ್ರು ನೋಡಿ, "ಇದಕ್ಕೇ ಬೇರೆ ರಿಜಿಸ್ಟರ್ ಹಾಕೋ" ಅಂದರು. ಒಂದು ಸಾಲಿಗೆ ಹುಡುಗನ ನಂಬರು, ಪುಸ್ತಕದ ನಂಬರು, ಅಷ್ಟೇ.

ಡೇಟಾಬೇಸ್‌ನಲ್ಲೂ ಹಾಗೆಯೇ. ಎರಡು ಟೇಬಲ್, ನಡುವೆ ಮೂರನೆಯದು. ಅದನ್ನು ಜಾಯಿನ್ ಟೇಬಲ್ ಅನ್ನುತ್ತೇವೆ. ಆದರೆ ಜಾವಾದಲ್ಲಿ ವಿದ್ಯಾರ್ಥಿಯ ಹತ್ತಿರ ಪುಸ್ತಕಗಳ ಗುಂಪು, ಪುಸ್ತಕದ ಹತ್ತಿರ ವಿದ್ಯಾರ್ಥಿಗಳ ಗುಂಪು ಇರುತ್ತದೆ. ಮೂರನೆಯದು ಕಣ್ಣಿಗೆ ಬೀಳುವುದಿಲ್ಲ. ಈ ಎರಡನ್ನೂ ಹೊಂದಿಸಲು 2001ರಲ್ಲಿ ಹೈಬರ್ನೇಟ್ ಬಂತು, 2006ರಲ್ಲಿ ಜೆಪಿಎ ಎಂಬ ನಿಯಮಾವಳಿ ಬಂತು. 'ಮೆನಿ ಟು ಮೆನಿ' ಎಂದು ಬರೆದರೆ ನಡುವಿನ ಟೇಬಲನ್ನು ಅದೇ ನೋಡಿಕೊಳ್ಳುತ್ತದೆ.

ಅದೇ ನೋಡಿಕೊಳ್ಳಲಿ ಎಂದು ಬಿಟ್ಟೇ ನಾನು ಕೆಟ್ಟೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ತರಬೇತಿಗೆ ಬಂದವರು ಮತ್ತು ಅವರ ಕೋರ್ಸ್‌ಗಳ ದಾಖಲೆ ಇಡುವ ಪ್ರೋಗ್ರಾಂ ಅದು. ಒಂದಕ್ಕೆ ಮಾಡಿದ್ದು ಅದರ ಜೊತೆಗಿರುವುದಕ್ಕೂ ಆಗಲಿ ಎಂಬ ಸೂಚನೆಗೆ ಕ್ಯಾಸ್ಕೇಡ್ ಎನ್ನುತ್ತಾರೆ. ಅದನ್ನು ಎರಡೂ ಕಡೆ 'ಆಲ್' ಎಂದು ಬರೆದಿದ್ದೆ. ಒಂದು ದಿನ, ಬಿಟ್ಟುಹೋದ ಒಬ್ಬ ಹುಡುಗನ ಹೆಸರು ಅಳಿಸಿದೆ. ಅವನ ಜೊತೆ ಅವನ ಕೋರ್ಸ್‌ಗಳು ಹೋದವು, ಆ ಕೋರ್ಸ್‌ಗಳಲ್ಲಿದ್ದ ಎಲ್ಲರೂ ಹೋದರು, ಅವರ ಉಳಿದ ಕೋರ್ಸ್‌ಗಳೂ ಹೋದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಈ ಗಾದೆಯನ್ನು ಈ ಊರಿನವರಿಗೆ ನಾನು ಹೇಳಬೇಕೇ! ಹಿಂದಿನ ರಾತ್ರಿಯ ಬ್ಯಾಕಪ್ ಇತ್ತು, ನನ್ನ ಕೆಲಸ ಉಳಿಯಿತು. ಆ ಹಗಲು ಸೇರಿಸಿದ್ದನ್ನೆಲ್ಲ ಬೆಳಗಿನ ಜಾವದವರೆಗೆ ಕೂತು ಮತ್ತೆ ತುಂಬಿದೆವು.

ಅಳಿಯಬೇಕಿದ್ದದ್ದು ಅವನ ಹೆಸರು, ನಡುವಿನ ಟೇಬಲಿನಲ್ಲಿ ಅವನ ಸಾಲುಗಳು, ಅಷ್ಟೇ. ಹುಡುಗ ಟಿಸಿ ತೆಗೆದುಕೊಂಡು ಹೋದನೆಂದು ಅವನು ಓದಿದ ಪುಸ್ತಕವನ್ನು ಯಾರೂ ಸುಡುವುದಿಲ್ಲವಲ್ಲ.

ಮೇಷ್ಟ್ರು ಆಮೇಲೆ ಆ ರಿಜಿಸ್ಟರಿನಲ್ಲಿ ಇನ್ನೆರಡು ಗೆರೆ ಎಳೆಸಿದ್ದರು: ಕೊಟ್ಟ ತಾರೀಖು, ವಾಪಸು ಬಂದ ತಾರೀಖು. ಬರೀ ಮೆನಿ ಟು ಮೆನಿಯಲ್ಲಿ ಆ ತಾರೀಖಿಗೆ ಜಾಗವಿಲ್ಲ. ಆಗ ನಡುವಿನ ಸಾಲನ್ನೇ ಒಂದು ಕ್ಲಾಸ್ ಮಾಡಿ, ಅಲ್ಲಿಂದ ಎರಡೂ ಕಡೆಗೆ 'ಮೆನಿ ಟು ಒನ್' ಎಂದು ಬರೆಯಬೇಕು. ಈಗ ನಾನು ಮೊದಲಿನಿಂದಲೇ ಹಾಗೆ ಬರೆಯುತ್ತೇನೆ. ನಾಲ್ಕು ಸಾಲು ಹೆಚ್ಚಾದರೆ ಆಗಲಿ.

ಹಳೆಯ ವಿದ್ಯಾರ್ಥಿಗಳ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕುವ ಕೆಲಸವನ್ನು ಸಮಿತಿಯವರು ನನಗೆ ಕೊಟ್ಟಿದ್ದಾರೆ. ವಿದ್ಯಾರ್ಥಿ ಒಂದು ಕಡೆ, ತರಗತಿ ಇನ್ನೊಂದು ಕಡೆ, ನಡುವಿನ ಸಾಲಿನಲ್ಲಿ ವರ್ಷ. ವರ್ಷ ಬೇಕೇ ಬೇಕು. ಒಂಬತ್ತನೇ ತರಗತಿಯಲ್ಲಿ ನಾನು ಎರಡು ಸಲ ಬರುತ್ತೇನೆ.