ಬಿಸಿಲಿನ ತೂಕ



ಬೊಮ್ಮನಹಳ್ಳಿಯಲ್ಲಿ ಹೊಸೂರು ರಸ್ತೆಗೆ ಎರಡು ಅಂತಸ್ತು. ಒಂದು ನೆಲದ ರಸ್ತೆ, ಇನ್ನೊಂದು 2010ರಲ್ಲಿ ತೆರೆದ ಮೇಲ್ಸೇತುವೆ. ಅಪಘಾತ ಮೇಲೆ ನಡೆದು ಆಂಬುಲೆನ್ಸ್ ಕೆಳಗೆ ಬಂದು ನಿಂತರೆ ಪ್ರಯೋಜನವಿಲ್ಲ. ಅಂತರ ಕೆಲವೇ ಮೀಟರ್. ಆದರೆ ಪ್ರಶ್ನೆ ಒಂದು ಜೀವದ್ದು. ಸ್ಥಾನ ತಿಳಿಸುವ ಉಪಗ್ರಹಗಳ ಲೆಕ್ಕ ತಪ್ಪಲು ಕಾರಣಗಳು ಹಲವು. ಅವುಗಳಲ್ಲೊಂದು, ಉಪಗ್ರಹದ ಕಕ್ಷೆಯನ್ನು ಸರಿಯಾಗಿ ಅರಿಯದಿರುವುದು.

ಭಾರತದ 'ನಾವಿಕ್' ವ್ಯವಸ್ಥೆಯ ಮೊದಲ ಉಪಗ್ರಹ ಮೇಲೇರಿದ್ದು 2013ರ ಜುಲೈ 1ರಂದು. ಅದೇ ವರ್ಷ ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿ ಇಸ್ರೋದ ನ್ಯಾವಿಗೇಷನ್ ಕೇಂದ್ರ ಆರಂಭವಾಯಿತು. ಸುಮಾರು 36,000 ಕಿಲೋಮೀಟರ್ ಎತ್ತರದಿಂದ ಪ್ರತಿ ಉಪಗ್ರಹವೂ ತಾನಿರುವ ಜಾಗವನ್ನೂ ವೇಳೆಯನ್ನೂ ಸಾರುತ್ತದೆ. ಸಂಕೇತ ಬಂದು ಮುಟ್ಟಲು ಹಿಡಿದ ಕಾಲದಿಂದ ದೂರ ತಿಳಿಯುತ್ತದೆ. ನಾಲ್ಕು ಉಪಗ್ರಹಗಳ ದೂರದಿಂದ ಕೇಳುವವನ ಸ್ಥಾನ ತಿಳಿಯುತ್ತದೆ. ಉಪಗ್ರಹ ಹೇಳುವ ವಿಳಾಸವೇ ತಪ್ಪಾದರೆ ಕೇಳುವವನ ವಿಳಾಸವೂ ತಪ್ಪುತ್ತದೆ. ಆ ವಿಳಾಸವನ್ನು ಮುಂಚಿತವಾಗಿ ಲೆಕ್ಕಹಾಕಿ ಕಳುಹಿಸುವುದು ನೆಲದ ಕೇಂದ್ರಗಳ ಕೆಲಸ.

ಭೂಮಿ, ಚಂದ್ರ, ಸೂರ್ಯರ ಸೆಳೆತವನ್ನು ಗಣಿತ ಚೆನ್ನಾಗಿ ಬಲ್ಲದು. ತೊಡಕಿರುವುದು ಬಿಸಿಲಿನಲ್ಲಿ. ಬೆಳಕು ತಾನು ಬಿದ್ದ ವಸ್ತುವನ್ನು ತಳ್ಳುತ್ತದೆ. ಚದರ ಮೀಟರಿನ ಮೇಲೆ ಆ ಒತ್ತಡ ಒಂದು ಮಿಲಿಗ್ರಾಂ ತೂಕಕ್ಕಿಂತಲೂ ಕಡಿಮೆ. ಆದರೂ ಅದನ್ನು ಕೈಬಿಟ್ಟರೆ ಒಂದೇ ದಿನದಲ್ಲಿ ಲೆಕ್ಕ ನೂರಾರು ಮೀಟರ್ ತಪ್ಪಬಹುದು. ಫಲಕಗಳ ಹೊಳಪು, ಅವು ತಿರುಗಿರುವ ಕೋನ, ಹೊದಿಕೆಯ ಸವೆತ ಇವೆಲ್ಲಕ್ಕೆ ತಕ್ಕಂತೆ ತಳ್ಳು ಬದಲಾಗುತ್ತದೆ. ಭೂಮಿಯ ನೆರಳು ಹೊಕ್ಕಾಗ ಅದು ನಿಂತೇ ಹೋಗುತ್ತದೆ.

ಇನ್ನೊಂದು ತೊಡಕೂ ಉಂಟು. ಭೂಸ್ಥಿರ ಉಪಗ್ರಹ ನೆಲದಿಂದ ನೋಡಿದರೆ ಹೆಚ್ಚುಕಡಿಮೆ ನಿಂತಲ್ಲೇ ಇರುತ್ತದೆ. ಹಾಗಾಗಿ ದೂರದಲ್ಲಿ ವ್ಯತ್ಯಾಸ ಕಂಡರೆ ತಪ್ಪು ಕಕ್ಷೆಯದೋ ಗಡಿಯಾರದ್ದೋ ಎಂದು ಬೇರ್ಪಡಿಸುವುದು ಕಷ್ಟ. ಗಡಿಯಾರ ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು ತಪ್ಪಿದರೂ ದೂರ 30 ಸೆಂಟಿಮೀಟರ್ ತಪ್ಪುತ್ತದೆ. ಇದಕ್ಕೆ ಪರಿಹಾರವಾಗಿ ನಾವಿಕ್ ಉಪಗ್ರಹಗಳಲ್ಲಿ ಬೆಳಕನ್ನು ಬಂದ ದಾರಿಗೇ ಹಿಂದಿರುಗಿಸುವ ಪ್ರತಿಫಲಕಗಳಿವೆ. ನೆಲದಿಂದ ಹಾಯಿಸಿದ ಲೇಸರ್ ಮರಳಿ ಬರುವ ಕಾಲವನ್ನು ಅಳೆದರೆ ಉಪಗ್ರಹದ ಗಡಿಯಾರದ ಹಂಗಿಲ್ಲದೆ ದೂರ ಸಿಗುತ್ತದೆ. ಆ ಅಳತೆಯೊಡನೆ ಹೋಲಿಸಿ ಬಿಸಿಲಿನ ಲೆಕ್ಕವನ್ನು ತಿದ್ದಬಹುದು.

ಬೆಂಗಳೂರಿಗೆ ಈ ಪಾಠ ಹೊಸದಲ್ಲ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಇಲ್ಲಿನ ಬಯಲಿನಲ್ಲಿ ನೂರು ಅಡಿಯ ಉಕ್ಕಿನ ಸರಪಳಿ ಹಿಡಿದು ಭೂಮಾಪನದ ಆಧಾರರೇಖೆಯನ್ನು ಅಳೆದ. ಬಿಸಿಲಿಗೆ ಸರಪಳಿ ಹಿಗ್ಗುತ್ತದೆ. ಅದಕ್ಕೆಂದೇ ಉಷ್ಣಮಾಪಕ ನೋಡಿ, ಹಿಗ್ಗಿದ್ದೆಷ್ಟೆಂದು ಲೆಕ್ಕ ತಿದ್ದಬೇಕಾಗಿತ್ತು.

ಅಂದು ಸರಪಳಿ, ಇಂದು ಉಪಗ್ರಹ. ಎರಡನ್ನೂ ಕೆಣಕಿದ್ದು ಅದೇ ಸೂರ್ಯ. ಬಿಸಿಲನ್ನು ತಡೆಯುವುದು ಯಾರಿಗೂ ಸಾಧ್ಯವಿಲ್ಲ. ಅದು ಎಷ್ಟು ಕೆಡಿಸಿತೆಂದು ಅರಿತು ಕಳೆಯುವುದು ಮಾತ್ರ ಸಾಧ್ಯ. ನಿಖರತೆ ಎಂದರೆ ಅದೇ.