ವೇಗ ಆಮೇಲೆ ಕೇಳಿ, ಬಿಡಿಭಾಗ ಮೊದಲು ಕೇಳಿ

ರಾಜಕೀಯ ಇವತ್ತು ಸ್ವಲ್ಪ ಪಕ್ಕಕ್ಕಿರಲಿ, ಆಟದ ಕಾರಿನ ಬಗ್ಗೆ ಮಾತಾಡೋಣ. ನಗಬೇಡಿ. ಇದರಲ್ಲಿ ನಿಮ್ಮ ದುಡ್ಡಿನ ವಿಷಯ ಇದೆ, ಬೆಂಕಿಯ ವಿಷಯವೂ ಇದೆ.

ಎಂಟುನೂರು ರೂಪಾಯಿ ಕೊಟ್ಟು ಮಗನಿಗೆ ರಿಮೋಟ್ ಕಾರು ತರ್ತೀರಿ. ನಾಲ್ಕನೇ ದಿನ ಗೋಡೆಗೆ ಗುದ್ದುತ್ತೆ, ಮುಂದಿನ ಚಕ್ರ ಹಿಡಿದಿರುವ ಪ್ಲಾಸ್ಟಿಕ್ ತುಂಡು ಮುರಿಯುತ್ತೆ. ಮೋಟಾರು ಸರಿ ಇದೆ, ರಿಮೋಟ್ ಸರಿ ಇದೆ, ಆದ್ರೆ ಕಾರು ಮಾತ್ರ ಅಟ್ಟ ಸೇರುತ್ತೆ. ಯಾಕೆ? ಆ ಒಂದು ತುಂಡು ಎಲ್ಲೂ ಸಿಗಲ್ಲ.

ಹವ್ಯಾಸಕ್ಕೆಂದೇ ಮಾಡುವ 'ಹಾಬಿ ಗ್ರೇಡ್' ಕಾರು ಬೇರೆಯಾಗೋದು ಇಲ್ಲೇ. ವೇಗ ಮುಖ್ಯ ಅಲ್ಲ ಸ್ವಾಮಿ. ಅದರ ಗೇರು, ಆಕ್ಸಲ್, ಶಾಕ್ ಅಬ್ಸಾರ್ಬರ್, ಒಂದೊಂದೂ ಬಿಡಿಯಾಗಿ ಸಿಗುತ್ತೆ. ಜಪಾನಿನ ಶಿಜುವೊಕಾದ ಟಮಿಯಾ ಕಂಪನಿ 1976ರಲ್ಲಿ ಪೋರ್ಷೆ 934 ಮಾದರಿಯ ರಿಮೋಟ್ ಕಾರು ತಂದಾಗ ಕೊಟ್ಟದ್ದು ಸಿದ್ಧ ಕಾರಲ್ಲ, ಕೂತು ಜೋಡಿಸಬೇಕಾದ ಕಿಟ್. 1984ರ ಹಾರ್ನೆಟ್ ಅನ್ನು ಅದೇ ಕಂಪನಿ 2004ರಲ್ಲಿ ಮತ್ತೆ ಮಾರುಕಟ್ಟೆಗೆ ಬಿಟ್ಟಿತು. ಡಿಫರೆನ್ಷಿಯಲ್ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಪಾಸಾದ ಎಂಜಿನಿಯರುಗಳಲ್ಲಿ ನಾನೂ ಒಬ್ಬ. ಅದನ್ನು ಬಿಚ್ಚಿ ಅಂಗೈ ಮೇಲೆ ಇಟ್ಟುಕೊಂಡು ನೋಡಿದ್ದು ಮಾತ್ರ ಇಂಥ ಒಂದು ಕಾರಿನಲ್ಲಿ!

ಹಾಗಾದ್ರೆ ಯಾವುದನ್ನು ತಗೊಳ್ಳೋದು? ನಿಮ್ಮ ಮನೆ ಮುಂದಿನ ರಸ್ತೆ ನೋಡಿ. ನುಣುಪಾದ ಡಾಂಬರು ಇದ್ದರೆ ನೆಲಕ್ಕಂಟಿದ ರೇಸ್ ಕಾರು ನಡೆಯುತ್ತೆ. ಜಲ್ಲಿ, ಮಣ್ಣು, ಗುಂಡಿ ಅಂದ್ರೆ, ಅಂದ್ರೆ ನಮ್ಮ ರಸ್ತೆಗಳೇ ಅಂದ್ರೆ, ಬಗ್ಗಿ ಅಥವಾ ಟ್ರಕ್ ಬೇಕು. ಅಳತೆಯಲ್ಲಿ 1/10, ಅಂದರೆ ನಿಜವಾದ ಕಾರಿನ ಹತ್ತನೇ ಒಂದು ಭಾಗ, ಒಳ್ಳೆಯ ಆಯ್ಕೆ. ಮೊದಲ ಕಾರಿಗೆ ಸಾದಾ ಬ್ರಷ್ಡ್ ಮೋಟಾರು ಸಾಕು. ಬ್ರಷ್‌ಲೆಸ್ ಬಾಳಿಕೆ ಬರುತ್ತೆ ನಿಜ, ಆದರೆ ವೇಗ ಎರಡು ಪಟ್ಟಾದರೆ ಡಿಕ್ಕಿಯ ಶಕ್ತಿ ನಾಲ್ಕು ಪಟ್ಟು. ಗಂಟೆಗೆ 60 ಕಿಲೋಮೀಟರ್ ಓಡುವ ಕಾರು ಪಕ್ಕದ್ಮನೆ ಮಗುವಿನ ಕಾಲಿಗೆ ಬಡಿದರೆ ಅದು ಆಟ ಅಲ್ಲ.

ಈಗ ಬೆಂಕಿಯ ಮಾತು. ಇಂಥ ಅನೇಕ ಕಾರುಗಳಲ್ಲಿ ಲಿಥಿಯಂ ಪಾಲಿಮರ್ ಬ್ಯಾಟರಿ ಇರುತ್ತೆ, ಬಾಯಲ್ಲಿ ಲಿಪೊ. ಒಂದು ಸೆಲ್ಲಿಗೆ 4.2 ವೋಲ್ಟ್‌ಗಿಂತ ಹೆಚ್ಚು ತುಂಬಬಾರದು, 3 ವೋಲ್ಟ್‌ಗಿಂತ ಕೆಳಗೆ ಇಳಿಸಬಾರದು. ಸೆಲ್‌ಗಳನ್ನು ಸಮವಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರ್ರೇ ಬೇಕು. ಊದಿಕೊಂಡಿದೆಯಾ? ಮತ್ತೆ ಚಾರ್ಜಿಗೆ ಹಾಕಬೇಡಿ. ರಾತ್ರಿ ಸೋಫಾ ಮೇಲೆ ಚಾರ್ಜಿಗಿಟ್ಟು ಮಲಗೋದಂತೂ ಬೇಡವೇ ಬೇಡ. ಎದುರಿಗೇ ಇದ್ದು, ನೆಲದ ಮೇಲೆ, ಬಟ್ಟೆ ಕಾಗದಗಳಿಂದ ದೂರ ಇಟ್ಟು ಚಾರ್ಜ್ ಮಾಡಿ.

ಆದ್ದರಿಂದ ಡಬ್ಬಿ ಮೇಲಿನ ಬೆಲೆ ನೋಡಿ ಲೆಕ್ಕ ಹಾಕಬೇಡಿ. ಒಳ್ಳೆಯ ಚಾರ್ಜರ್, ಇನ್ನೊಂದು ಬ್ಯಾಟರಿ, ಮುರಿದೇ ಮುರಿಯುವ ನಾಲ್ಕಾರು ತುಂಡುಗಳು, ಇಷ್ಟನ್ನೂ ಸೇರಿಸಿ ಕೂಡಿ. ಕೊಳ್ಳುವ ಮುಂಚೆ ಅಂಗಡಿಯವರನ್ನು ಕೇಳಿ: "ಇದರ ಮುಂದಿನ ಸಸ್ಪೆನ್ಷನ್ ಆರ್ಮ್ ನಿಮ್ಮಲ್ಲಿ ಇದೆಯಾ, ತೋರಿಸಿ." ತೋರಿಸದಿದ್ದರೆ ಮುಂದಿನ ಅಂಗಡಿಗೆ ನಡೀರಿ.

ಅಮೆರಿಕದಲ್ಲಿರೋ ಅಣ್ಣನ ಕೈಲಿ ತರಿಸ್ತೀನಿ ಅನ್ನೋರಿಗೆ ಒಂದು ಮಾತು. ಬಿಡಿ ಲಿಥಿಯಂ ಬ್ಯಾಟರಿಯನ್ನು ವಿಮಾನದ ಚೆಕ್-ಇನ್ ಸೂಟ್‌ಕೇಸಿಗೆ ಹಾಕುವಂತಿಲ್ಲ, ಕೈಚೀಲದಲ್ಲೇ ತರಬೇಕು. ಅವರು ಪ್ಯಾಕ್ ಮಾಡೋ ಮೊದಲೇ ಫೋನ್ ಮಾಡಿ ಹೇಳಿಬಿಡಿ.