ಶೇಕಡಾ 99ರಲ್ಲೂ ಸೋಲು

ಜಪಾನಿನ ಚದುರಂಗಕ್ಕೆ ಶೋಗಿ ಅಂತಾರೆ. ಅಲ್ಲಿ ಹೊಡೆದ ಕಾಯಿ ಸಾಯೋದಿಲ್ಲ. ಹೊಡೆದವರ ಪಕ್ಷ ಸೇರಿ ಮತ್ತೆ ಮಣೆಗೆ ಇಳಿಯುತ್ತೆ. ಹಾಗಾಗಿ ಕೊನೇ ಗಳಿಗೆವರೆಗೂ ಯಾರೂ ನಿಶ್ಚಿಂತರಲ್ಲ.

2023ರ ಅಕ್ಟೋಬರ್ 11, ಕ್ಯೋಟೊ. ಓಝಾ ಪ್ರಶಸ್ತಿಯ ನಾಲ್ಕನೇ ಆಟ. 21 ವರ್ಷದ ಸೋತಾ ಫುಜಿಯಿ ಬಳಿ ಆಗಲೇ ಏಳು ಪ್ರಶಸ್ತಿಗಳಿದ್ದವು. ಬಾಕಿ ಇದ್ದದ್ದು ಇದೊಂದೇ. ಎದುರಿಗೆ ಹಾಲಿ ಚಾಂಪಿಯನ್ ತಕುಯಾ ನಗಾಸೆ. ಸರಣಿಯಲ್ಲಿ ಫುಜಿಯಿ 2-1 ಮುಂದಿದ್ದರೂ ಆ ರಾತ್ರಿ ಆಟ ನಗಾಸೆ ಹಿಡಿತದಲ್ಲಿತ್ತು. ನೇರಪ್ರಸಾರದ ಪರದೆಯಲ್ಲಿ ಕಂಪ್ಯೂಟರ್ ಲೆಕ್ಕ: ನಗಾಸೆ ಗೆಲ್ಲುವ ಸಾಧ್ಯತೆ ಶೇಕಡಾ 99!

ಆದರೆ ಇಬ್ಬರ ಸಮಯವೂ ಕರಗಿಹೋಗಿತ್ತು. ಒಂದೊಂದು ನಡೆಗೆ 60 ಸೆಕೆಂಡು, ಅಷ್ಟೇ. 123ನೇ ನಡೆಯಲ್ಲಿ ರಾಜನನ್ನು ಕಟ್ಟಿಹಾಕುವ ದಾರಿ ಇತ್ತು. ನಗಾಸೆ ಬೇರೆ ನಡೆ ಇಟ್ಟರು. ಕ್ಷಣದಲ್ಲೇ ಗೊತ್ತಾಯ್ತು, ಕೂದಲು ಕೆದರಿಕೊಂಡರು. 138ನೇ ನಡೆಗೆ ಎಲ್ಲ ಮುಗೀತು. ಎಂಟೂ ಪ್ರಶಸ್ತಿ ಒಬ್ಬರ ಕೈಗೆ, ಇತಿಹಾಸದಲ್ಲೇ ಮೊದಲ ಬಾರಿ.

ಇಂಜಿನಿಯರಿಂಗ್ ಓದಿದವನು ನಾನು, ಅಂಕಿ ಸುಳ್ಳು ಅನ್ನಲ್ಲ. ಆದರೆ ಆ 99, ಮುಂದಿನ ಪ್ರತಿ ನಡೆಯನ್ನೂ ಸರಿಯಾಗಿ ಇಡಬಲ್ಲ ಯಂತ್ರದ ಲೆಕ್ಕ. ಗಡಿಯಾರದ ಮುಂದೆ ಕೂತಿದ್ದು ಮನುಷ್ಯ. ಫುಜಿಯಿ ಗೆದ್ದದ್ದು ಪವಾಡದಿಂದಲ್ಲ. ಸೋಲುವ ಸ್ಥಿತಿಯಲ್ಲೂ ಎದುರಾಳಿಗೆ ಸುಲಭದ ನಡೆ ಬಿಟ್ಟುಕೊಡದೆ ಕೂತಿದ್ದರಿಂದ.